ಕಟಾನಾ (ಜಪಾನಿ ಕತ್ತಿ) ಹಿಡಿ ಅಲುಗಾಡುತ್ತಿದ್ದರೆ ಮೊದಲು ಬಿದಿರಿನ ಗೂಟ ನೋಡಿ

ಬೀಸಿದಾಗ ಕಟಕಟ ಸದ್ದು, ಹಿಡಿಯೂ ಸ್ವಲ್ಪ ಅಲುಗಾಡುತ್ತದೆ ಅಂದರೆ ಬಹುಶಃ ಮೆಕುಗಿ ಸವೆದಿದೆ. ಹಿಡಿಯ ಮರ ಮತ್ತು ಅಲಗಿನ ಬಾಲ (ನಕಾಗೊ) ಎರಡನ್ನೂ ಅಡ್ಡಲಾಗಿ ದಾಟುವ ಬಿದಿರಿನ ಪುಟ್ಟ ಗೂಟ ಅದು. ಅಲಗು ಕೈಯಿಂದ ಹಾರಿಹೋಗದಂತೆ ಹಿಡಿದಿರುವುದು ಅದೇ, ಹಾಗಾಗಿ ಸರಿಯಾಗುವವರೆಗೆ ದಯವಿಟ್ಟು ಬೀಸಬೇಡಿ.

ಗೂಟದ ಒಂದು ತುದಿ ಸಣ್ಣ ಇರುತ್ತದೆ, ಆ ಕಡೆಯಿಂದ ಮೆಲ್ಲಗೆ ತಟ್ಟಿ ಹೊರಗೆ ತೆಗೆಯಿರಿ. ಆಮೇಲೆ ಮೊನೆ ಮೇಲಕ್ಕೆ, ಅಲಗಿನ ಹರಿತ ಬದಿ ನಿಮ್ಮಿಂದ ಆಚೆಗೆ ಇರಲಿ. ಎಡಗೈಯಲ್ಲಿ ಹಿಡಿಯ ಬುಡ ಹಿಡಿದು, ಆ ಕೈಯ ಮಣಿಕಟ್ಟಿನ ಮೇಲೆ ಬಲ ಮುಷ್ಟಿಯಿಂದ ಗುದ್ದಿದರೆ ಅಲಗು ತಾನೇ ಸಡಿಲವಾಗುತ್ತದೆ. ನಕಾಗೊ ಮೇಲಿನ ಕಪ್ಪು ತುಕ್ಕನ್ನು ಮಾತ್ರ ಉಜ್ಜಬೇಡಿ! ಹಳೆಯ ಕತ್ತಿಯಾದರೆ ಅದರ ವಯಸ್ಸು ಅಂದಾಜು ಮಾಡುವುದೇ ಆ ತುಕ್ಕಿನಿಂದ.

ಗೂಟದ ನಡುವೆ ತಗ್ಗು ಬಿದ್ದಿದ್ದರೆ ಒಣಗಿದ ಗಟ್ಟಿ ಬಿದಿರಿನಲ್ಲಿ ಹೊಸದು ಕೆತ್ತಿ ಹಾಕಿ, ಅದು ಬಿಗಿಯಾಗಿ ಕೂರಬೇಕು. ಗೂಟ ಚೆನ್ನಾಗಿದ್ದು ತ್ಸುಬಾ (ಹಿಡಿ ಮತ್ತು ಅಲಗಿನ ನಡುವಿನ ಕೈಕಾಪು ತಟ್ಟೆ) ಒಂದೇ ಅಲುಗಾಡಿದರೆ, ಅದರ ಎರಡೂ ಬದಿಯ ಸೆಪ್ಪಾ ಬಿಲ್ಲೆಗಳಲ್ಲಿ ಒಂದನ್ನು ಸ್ವಲ್ಪ ದಪ್ಪದ್ದು ಹಾಕಿದರೆ ಸಾಕು. ಅಂಟು ಸುರಿಯಬೇಡಿ, ಮುಂದೆ ಬಿಚ್ಚಲು ಆಗುವುದಿಲ್ಲ. ಹೊಸ ಗೂಟ ಹಾಕಿದ ಮೇಲೂ ಅಲುಗಾಡಿದರೆ ಹಿಡಿಯೊಳಗಿನ ಮರವೇ ಬಿರುಕು ಬಿಟ್ಟಿರಬಹುದು, ಆಗ ಹಿಡಿಯನ್ನೇ ಹೊಸದಾಗಿ ಮಾಡಿಸಬೇಕು.