ಕಾರಿನ ಆಯಿಲ್ ಬೈಕಿಗೆ ಆಗುತ್ತಾ?

ಪ್ರಶ್ನೆ: ಮಾವನ ಕಾರಿಗೆ ತಂದು ಉಳಿದಿದ್ದ 5ಡಬ್ಲ್ಯು-30 ಆಯಿಲನ್ನು ನನ್ನ 100 ಸಿಸಿ ಬೈಕಿಗೆ ಹಾಕಿಸಿದೆ. ಈಗ ಏರು ಹತ್ತುವಾಗ ಎಂಜಿನ್ ಕೂಗುತ್ತದೆ, ಗಾಡಿ ಮಾತ್ರ ಮುಂದೆ ಹೋಗುವುದಿಲ್ಲ. ಗ್ಯಾರೇಜಿನವರು 20ಡಬ್ಲ್ಯು-50 ಹಾಕಿ, ದಪ್ಪ ಇದ್ದಷ್ಟೂ ಒಳ್ಳೆಯದು ಅನ್ನುತ್ತಾರೆ. ಏನು ಮಾಡಲಿ?
– ಓದುಗರೊಬ್ಬರು, ಸಕಲೇಶಪುರ

ಉತ್ತರ: ಕ್ಲಚ್ ಜಾರುತ್ತಿರುವ ಹಾಗಿದೆ. ಗೇರ್ ಹಾಕಿ ಓಡಿಸುವ ಮಾಮೂಲಿ ಕಾರಿನಲ್ಲಿ ಕ್ಲಚ್‌ಗೆ ಎಂಜಿನ್ ಆಯಿಲ್ ತಾಗುವುದೇ ಇಲ್ಲ. ನಿಮ್ಮ ಬೈಕಿನಲ್ಲಿ ಹಾಗಲ್ಲ, ಎಂಜಿನ್, ಗೇರು, ಕ್ಲಚ್ ಪ್ಲೇಟು ಮೂರಕ್ಕೂ ಒಂದೇ ಆಯಿಲ್. ಮೈಲೇಜ್ ಜಾಸ್ತಿ ಬರಲಿ ಅಂತ ಕಾರಿನ ಎಷ್ಟೋ ಆಯಿಲ್‌ಗಳಿಗೆ ಘರ್ಷಣೆ ಕಡಿಮೆ ಮಾಡುವ ರಾಸಾಯನಿಕ ಸೇರಿಸಿರುತ್ತಾರೆ, ಎಂಜಿನ್‌ಗೆ ಅದು ಒಳ್ಳೆಯದೇ, ಆದರೆ ಗಟ್ಟಿಯಾಗಿ ಕಚ್ಚಿಕೊಂಡೇ ಕೆಲಸ ಮಾಡಬೇಕಾದ ಕ್ಲಚ್ ಪ್ಲೇಟಿಗೆ ಅಲ್ಲ. ಡಬ್ಬದ ಹಿಂದೆ ‘ಜಾಸೋ ಎಂಎ’ ಅಥವಾ ‘ಎಂಎ2’ ಅಂತ ಇದೆಯಾ ನೋಡಿ. ಜಾಸೋ ಅಂದರೆ ಜಪಾನಿನ ಗುಣಮಟ್ಟದ ಗುರುತು, ಎಂಎ ಅಂತಿದ್ದರೆ ಆಯಿಲ್ ತಾಗುವ ಇಂಥ ಕ್ಲಚ್‌ಗೆ ಆಗುತ್ತದೆ. ‘ಎಂಬಿ’ ಅಂತಿದ್ದರೆ ಅದು ಗೇರಿಲ್ಲದ ಸ್ಕೂಟರ್‌ಗೆ.

ಇನ್ನು ದಪ್ಪದ ಮಾತು. ಡಬ್ಲ್ಯು ಅಂದರೆ ವಿಂಟರ್, ಅದಕ್ಕಿಂತ ಮೊದಲು ಬರುವ ಸಂಖ್ಯೆ ಚಳಿಯಲ್ಲಿ ಆಯಿಲ್ ಹೇಗಿರುತ್ತದೆ ಅನ್ನುವುದಕ್ಕೆ, ಆಮೇಲೆ ಬರುವುದು 100 ಡಿಗ್ರಿ ಬಿಸಿಯಲ್ಲಿ ಎಷ್ಟು ಮಂದ ಅನ್ನುವುದಕ್ಕೆ. 10ಡಬ್ಲ್ಯು-30 ಕೇಳುವ ಎಂಜಿನ್‌ಗೆ ಸುಮ್ನೆ 20ಡಬ್ಲ್ಯು-50 ಸುರಿದರೆ ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಅದು ಮೇಲಿನ ಭಾಗಗಳಿಗೆ ತಲುಪುವುದು ತಡ, ಮೈಲೇಜೂ ಇಳಿಯುತ್ತದೆ. ಗಾಡಿ ಜೊತೆ ಕೊಟ್ಟ ಪುಸ್ತಕದಲ್ಲಿ ಬರೆದಿರುವ ಗ್ರೇಡನ್ನೇ, ಅಷ್ಟೇ ಅಳತೆಗೆ ಹಾಕಿಸಿ. ಬದಲಾಯಿಸಿ ಸ್ವಲ್ಪ ದಿನ ಓಡಿಸಿದ ಮೇಲೂ ಜಾರಿದರೆ ಕ್ಲಚ್ ಪ್ಲೇಟ್ ಬಿಚ್ಚಿಸಿ ನೋಡಲೇಬೇಕು. ಉಳಿದ ಡಬ್ಬ ಮಾವನಿಗೇ ವಾಪಸ್ ಕೊಡಿ!