ಹೊಗೆಸೊಪ್ಪು ಬಿಡಲು ಆಣೆ ಬೇಡವೆಂದು ಹೇಳಿದ್ದೇಕೆ?

ಹೊಗೆಸೊಪ್ಪು ಬಿಡುತ್ತೇನೆಂದು ದೇವರ ಮೇಲೆ ಆಣೆ ಮಾಡಿ, ಅದನ್ನು ಮುರಿದು, ಮುರಿದ ಸಂಕಟಕ್ಕೆ ಇನ್ನಷ್ಟು ಹೊಗೆಸೊಪ್ಪು ಹಾಕಿಕೊಳ್ಳುವವರು ಚಟ ಬಿಡಲು ಸಲಹೆ ಕೇಳಿ ನನ್ನ ಬಳಿಗೆ ಮತ್ತೆ ಮತ್ತೆ ಬರುತ್ತಾರೆ. ಅಂಥವರಲ್ಲಿ ಒಬ್ಬರ ಪ್ರಕರಣವಿದು. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಮಲೆನಾಡಿನ ಅಡಿಕೆ ಬೆಳೆಗಾರರು, ವಯಸ್ಸು ಐವತ್ತು ದಾಟಿದೆ. ಎದ್ದಕೂಡಲೇ ಎಲೆ-ಅಡಿಕೆಗೆ ಹೊಗೆಸೊಪ್ಪು ಸೇರಿಸಿದ ಕವಳ ಬಾಯಿಗೆ ಬೀಳದಿದ್ದರೆ ಮನೆಮಂದಿಯ ಮೇಲೆಲ್ಲ ರೇಗುತ್ತಾರೆಂದು ಪತ್ನಿ ಹೇಳಿದರು.

ಬಿಡುವ ದಿನವೊಂದನ್ನು ಗೊತ್ತುಮಾಡೋಣವೆಂದು ನಾನು ಹೇಳಿದಾಗ ಅವರು ತಲೆ ತಗ್ಗಿಸಿ, “ಧರ್ಮಸ್ಥಳದಲ್ಲಿ ನಿಂತು ಆಡಿದ ಮಾತಿಗೇ ತಪ್ಪಿದವ ನಾನು. ನಿಮ್ಮೆದುರು ಆಡುವ ಮಾತಿಗೆ ಏನು ಬೆಲೆ ಮೇಡಂ?” ಎಂದರು. “ಇವರಿಗೆ ಮನಸ್ಸೇ ಗಟ್ಟಿಯಿಲ್ಲ” ಎಂದು ಪತ್ನಿಯೂ ದನಿಗೂಡಿಸಿದರು.

ಅಂದಿನ ಉಳಿದ ಸಮಯವನ್ನೆಲ್ಲ ನಾನು ಅಸಿಟೈಲ್‌ಕೋಲಿನ್ ಗ್ರಾಹಕಗಳ, ಎಂದರೆ ಆ ರಾಸಾಯನಿಕದ ಸಂದೇಶವನ್ನು ಹಿಡಿದುಕೊಳ್ಳುವ ಪುಟ್ಟ ರಚನೆಗಳ, ವಿವರಣೆಗೆ ಬಳಸಿದೆ. ನರಗಳು ಸ್ರವಿಸುವ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವು ಜೀವಕೋಶದ ಮೇಲಿನ ಗ್ರಾಹಕಕ್ಕೆ ಅಂಟಿದಾಗಲೇ ಕೈಕಾಲಿನ ಸ್ನಾಯು ಸಂಕುಚಿಸುತ್ತದೆ, ಬಾಯಲ್ಲಿ ಜೊಲ್ಲೂರುತ್ತದೆ, ಹೃದಯದ ಬಡಿತ ನಿಧಾನವಾಗುತ್ತದೆ. ಮಿದುಳಿನಲ್ಲಿ ಗಮನ ಮತ್ತು ನೆನಪಿಗೂ ಅದು ಬೇಕು. ಈ ಗ್ರಾಹಕಗಳಲ್ಲಿ ನಿಕೋಟಿನಿಕ್, ಮಸ್ಕರಿನಿಕ್ ಎಂಬ ಎರಡು ಬಗೆಗಳಿವೆ. ಹೊಗೆಸೊಪ್ಪಿನ ನಿಕೋಟಿನ್ ಮೊದಲನೆಯ ಬಗೆಗೆ ಅಂಟಿಕೊಂಡು, ಮಿದುಳಿನಲ್ಲಿ ಹಿತವೆನಿಸುವ ಡೋಪಮಿನ್ ಸುರಿಯುವಂತೆ ಮಾಡುತ್ತದೆ. ಕವಳಕ್ಕೆ ಹಚ್ಚುವ ಸುಣ್ಣವಂತೂ ಬಾಯಿಯ ಕ್ಷಾರತೆಯನ್ನು ಹೆಚ್ಚಿಸಿ, ನಿಕೋಟಿನ್ ಬೇಗನೆ ರಕ್ತಕ್ಕೆ ಇಳಿಯಲು ನೆರವಾಗುತ್ತದೆ. ವರ್ಷಗಟ್ಟಲೆ ಹೀಗೆ ನಡೆದರೆ ಮಿದುಳಿನಲ್ಲಿ ಆ ಗ್ರಾಹಕಗಳ ಸಂಖ್ಯೆಯೇ ಹೆಚ್ಚುತ್ತದೆ. ಪಂಕ್ತಿಯಲ್ಲಿ ಎಲೆಗಳನ್ನು ಹೆಚ್ಚು ಹಾಕಿ ಬಡಿಸುವುದನ್ನು ಏಕಾಏಕಿ ನಿಲ್ಲಿಸಿದರೆ ಏಳುವ ಗದ್ದಲವೇ ನಿಮ್ಮ ಮುಂಜಾನೆಯ ಸಿಟ್ಟು ಎಂದೆ. ಧೂಮಪಾನ ಬಿಟ್ಟವರ ಮಿದುಳಿನ ಸ್ಕ್ಯಾನ್‌ಗಳಲ್ಲಿ ಈ ಸಂಖ್ಯೆ ಕೆಲವು ವಾರಗಳಿಂದ ಮೂರು ತಿಂಗಳ ಒಳಗೆ ಮೊದಲಿನ ಮಟ್ಟಕ್ಕೆ ಇಳಿದದ್ದು ಕಂಡುಬಂದಿದೆ. ಅದನ್ನು ಕೇಳಿ ಅವರು ಮೊದಲ ಬಾರಿಗೆ ತಲೆಯೆತ್ತಿ, “ಹಾಗಾದರೆ ಇದಕ್ಕೊಂದು ಕೊನೆ ಉಂಟು” ಎಂದರು.

ಇಂಥ ವಿವರಣೆಯು ಚಟಕ್ಕೆ ನೆಪ ಒದಗಿಸುತ್ತದೆಂದು ಆಕ್ಷೇಪಿಸುವ ಸಹೋದ್ಯೋಗಿಗಳಿದ್ದಾರೆ. ನನಗೆ ಹಾಗೆನಿಸುವುದಿಲ್ಲ. ಒಂದು ದಿನದ ಸೋಲನ್ನು ಆಣೆಯು ಶಾಶ್ವತ ಪಾಪವಾಗಿಸುತ್ತದೆ. ಅದೇ ಸೋಲನ್ನು ಶರೀರದ ಸಂಗತಿಯೆಂದು ತಿಳಿದವನು ಮರುದಿನ ಮತ್ತೆ ಶುರುಮಾಡಬಲ್ಲ. ದೇವರ ಮೇಲಿನ ಭಕ್ತಿಯನ್ನು ನಾನು ಪ್ರಶ್ನಿಸಲಿಲ್ಲ. ಹೊಸ ಆಣೆ ಮಾತ್ರ ಬೇಡವೆಂದೆ. ವೈದ್ಯರನ್ನು ಕೇಳಿ ಸರಿಯಾದ ಪ್ರಮಾಣದ ನಿಕೋಟಿನ್ ಚೂಯಿಂಗ್ ಗಮ್ ತರಲು ಹೇಳಿದೆ. ಅದನ್ನು ಕವಳದಂತೆ ಒಂದೇ ಸಮನೆ ಅಗಿಯದೆ, ನಾಲಿಗೆ ಚುರುಗುಟ್ಟಿದ ಕೂಡಲೇ ಕೆನ್ನೆಯ ಒಳಬದಿಗೆ ಸರಿಸಿ ಇಟ್ಟುಕೊಳ್ಳಬೇಕು. ಕಾಫಿ ಕುಡಿದ ಬೆನ್ನಿಗೇ ಹಾಕಿಕೊಂಡರೆ ನಿಕೋಟಿನ್ ಸರಿಯಾಗಿ ಹೀರಿಕೊಳ್ಳುವುದಿಲ್ಲ. “ಮನಸ್ಸು ಗಟ್ಟಿಯಿಲ್ಲ” ಎಂಬ ಮಾತನ್ನು ಮನೆಯಲ್ಲಿ ಯಾರೂ ಆಡಬಾರದೆಂದು ಪತ್ನಿಯವರಲ್ಲಿ ಕೇಳಿಕೊಂಡೆ.

ಹೊರಡುವ ಮುನ್ನ ಅವರು, ಬರಿಯ ಎಲೆ-ಅಡಿಕೆಯನ್ನಾದರೂ ಹಾಕಬಹುದಲ್ಲವೇ ಎಂದು ಕೇಳಿದರು. ಅದೂ ಬೇಡವೆಂದೆ. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ರಾಸಾಯನಿಕವು ಮುಖ್ಯವಾಗಿ ಮಸ್ಕರಿನಿಕ್ ಗ್ರಾಹಕಗಳನ್ನು ಕೆರಳಿಸುತ್ತದೆ. ಕವಳ ಹಾಕಿದಾಗ ಜೊಲ್ಲು ಹೆಚ್ಚುವುದೂ ಹಣೆ ಬೆವರುವುದೂ ಅದರಿಂದಲೇ. ಹೊಗೆಸೊಪ್ಪಿಲ್ಲದ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2004ರಲ್ಲಿ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಬೆಳೆಯುವವನಿಗೇ ಇದನ್ನು ಹೇಳುತ್ತೀರಲ್ಲ ಎಂದು ಅವರು ಮುಖ ಸಿಂಡರಿಸಿದರು. ನಾನು ವಾದಕ್ಕಿಳಿಯದೆ, ಬಾಯಿ ತೆರೆದು ಅವರದೇ ಮೂರು ಬೆರಳುಗಳನ್ನು ನೆಟ್ಟಗೆ ಜೋಡಿಸಿ ಹಲ್ಲುಗಳ ನಡುವೆ ಇಟ್ಟು ನೋಡಲು ಹೇಳಿದೆ. ಮೂರನೆಯ ಬೆರಳು ಹೋಗಲಿಲ್ಲ. ಅಡಿಕೆ ಅಗಿಯುವವರಲ್ಲಿ ಬಾಯಿಯ ಒಳಪದರ ಬಿಗಿದು ಹೀಗೆ ಬಾಯಿ ಪೂರ್ತಿ ತೆರೆಯದಂತಾಗುವುದುಂಟು; ಆಗ ಅಗಿಯುವುದೂ ಕಷ್ಟ. ಚೂಯಿಂಗ್ ಗಮ್ ಬದಲು ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪಟ್ಟಿ ಕೊಡಬಹುದೇ ಎಂದು ವೈದ್ಯರಿಗೆ ಚೀಟಿ ಬರೆದು, ಅವರನ್ನು ಅಂದೇ ದಂತವೈದ್ಯರಲ್ಲಿಗೆ ಕಳುಹಿಸಿದೆ.