ಟೋಕನ್ ಕೊಟ್ಟ ಮೇಲೆ ಜಾತಿ ಕೇಳಿ ಮನೆ ಇಲ್ಲ ಅಂದರು, ಕಾನೂನಿನಲ್ಲಿ ದಾರಿ ಇದೆಯೇ?

ನೀವು ಬರೆದದ್ದು: ಬೆಂಗಳೂರಿನಲ್ಲಿ ಮನೆ ಒಪ್ಪಿಗೆಯಾಗಿ ₹10,000 ಟೋಕನ್ ಕೊಟ್ಟಿರಿ. ಆಮೇಲೆ ಓನರ್ "ನೀವು ಯಾವ ಜನ?" ಅಂದರು. ಪರಿಶಿಷ್ಟ ಜಾತಿ ಎಂದು ಹೇಳಿದ ಮರುದಿನ "ಮನೆ ನಮಗೇ ಬೇಕು, ಮಗ ಬರ್ತಾನೆ" ಅಂದರು. ದುಡ್ಡು ವಾಪಸ್ ಬಂದಿಲ್ಲ. ಮನೆ ಕೊಡುವಾಗ ಭೇದ ಮಾಡಬಾರದು ಎಂದು ಅಮೆರಿಕದಲ್ಲಿರುವಂಥ ಕಾನೂನು ನಮ್ಮಲ್ಲಿ ಇಲ್ಲವಾ?

ಎಲ್ಲರಿಗೂ ಅನ್ವಯಿಸುವಂಥದ್ದು ಇಲ್ಲ. ನಿಮ್ಮ ಪ್ರಕರಣಕ್ಕೆ ಇದೆ, ಅದೂ 1955ರಿಂದ.

ನಾನು ವಕೀಲನಲ್ಲ. ಇಲ್ಲಿ ಬಾಡಿಗೆಗಿದ್ದೇನೆ, ಊರಲ್ಲಿರುವ ಅಪ್ಪನ ಮನೆಯನ್ನು ಬಾಡಿಗೆಗೆ ಕೊಟ್ಟಿದ್ದೇನೆ. ಹಾಗಾಗಿ ಎರಡೂ ಕಡೆಯ ಜಗಳ ಗೊತ್ತು.

ಇಂಥ ವಿಷಯ ಬಂದಾಗ ಎಲ್ಲರೂ ಸಂವಿಧಾನದ 15ನೇ ವಿಧಿ ಎನ್ನುತ್ತಾರೆ. ಅದು ಮುಖ್ಯವಾಗಿ ಕಟ್ಟಿಹಾಕುವುದು ಸರ್ಕಾರವನ್ನು. ಅಂಗಡಿ, ಹೋಟೆಲು, ಬಾವಿ, ಕೆರೆಗಳ ಮಾತು ಅದರಲ್ಲಿದೆ, ಬಾಡಿಗೆ ಮನೆಯ ಮಾತಿಲ್ಲ. ನೀವು ಹಿಡಿಯಬೇಕಾದ್ದು ಅಸ್ಪೃಶ್ಯತೆಯನ್ನು ನಿಷೇಧಿಸಿದ 17ನೇ ವಿಧಿ ಮತ್ತು ಅದಕ್ಕಾಗಿ ಮಾಡಿದ 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ. ಅಸ್ಪೃಶ್ಯತೆಯ ಕಾರಣಕ್ಕೆ ಯಾರಿಗಾದರೂ ವಾಸದ ಮನೆ ಪಡೆಯಲು, ಅದರಲ್ಲಿ ಇರಲು ಅಡ್ಡಿ ಮಾಡುವುದು ಅದರ 4ನೇ ಸೆಕ್ಷನ್ ಪ್ರಕಾರ ಅಪರಾಧ. ಶಿಕ್ಷೆ ಒಂದರಿಂದ ಆರು ತಿಂಗಳು ಜೈಲು, ಜೊತೆಗೆ ನೂರರಿಂದ ಐನೂರು ರೂಪಾಯಿ ದಂಡ. (ಐನೂರಕ್ಕೆ ಇವತ್ತು ಏರ್‌ಪೋರ್ಟಿಗೆ ಕ್ಯಾಬ್ ಸಿಕ್ಕರೆ ಪುಣ್ಯ. ಆದರೆ ಓನರ್‌ಗಳು ಹೆದರುವುದು ದಂಡಕ್ಕಲ್ಲ, ಕೇಸಿಗೆ.)

ಅದಕ್ಕಿಂತ ಮುಖ್ಯವಾದದ್ದು ಅದೇ ಕಾಯ್ದೆಯ 12ನೇ ಸೆಕ್ಷನ್. ಕೃತ್ಯ ನಡೆದದ್ದು ಪರಿಶಿಷ್ಟ ಜಾತಿಯವರ ವಿಷಯದಲ್ಲಾದರೆ, ಅದಕ್ಕೆ ಅಸ್ಪೃಶ್ಯತೆಯೇ ಕಾರಣ ಎಂದು ಕೋರ್ಟು ಭಾವಿಸಬೇಕು. ಅಲ್ಲ ಎಂದು ತೋರಿಸುವ ಹೊಣೆ ಎದುರಿನವರದು. ಆದರೆ ಮನೆ ನಿರಾಕರಿಸಿದರು ಎನ್ನುವುದಕ್ಕೆ ನಿಮ್ಮ ಹತ್ತಿರ ಪುರಾವೆ ಇರಲೇಬೇಕು.

ಅದಕ್ಕೇ ಇವತ್ತೇ ಒಂದು ವಾಟ್ಸಾಪ್ ಕಳಿಸಿ. ಬೈಗುಳ ಬೇಡ, ಕಾನೂನಿನ ಹೆಸರೂ ಬೇಡ. "ಮೊನ್ನೆ ಟೋಕನ್ ₹10,000 ಕೊಟ್ಟಿದ್ದೆ. ನೀವು ಜಾತಿ ಕೇಳಿದಿರಿ, ಹೇಳಿದೆ. ಮರುದಿನ ಮನೆ ಇಲ್ಲ ಅಂದಿರಿ. ಟೋಕನ್ ವಾಪಸ್ ಹಾಕಿ." ಇಷ್ಟು ಸಾಕು. ಅವರು ಏನು ಉತ್ತರ ಕೊಟ್ಟರೂ ಅದು ದಾಖಲೆ. ಮಗ ಬರುವ ಮನೆಗೆ ಮುಂದಿನ ವಾರ ಮತ್ತೆ ಟು-ಲೆಟ್ ಬೋರ್ಡು ಬಿದ್ದರೆ, ಆ್ಯಪ್‌ನಲ್ಲಿ ಜಾಹೀರಾತು ಹಾಗೇ ಇದ್ದರೆ, ತಾರೀಖು ಕಾಣುವ ಹಾಗೆ ಫೋಟೋ ತೆಗೆದಿಡಿ. ಬ್ರೋಕರ್ ಜೊತೆಗಿನ ಚಾಟ್ ಅಳಿಸಬೇಡಿ. ಬಹಳ ಸಲ ಓನರ್ ನಾಲಿಗೆಯಲ್ಲಿ ಬಾರದ್ದು ಬ್ರೋಕರ್ ನಾಲಿಗೆಯಲ್ಲಿ ಬಂದಿರುತ್ತದೆ.

ದೂರನ್ನು ಪೊಲೀಸ್ ಸ್ಟೇಷನ್ನಿನಲ್ಲಿ ಕೊಡಬಹುದು, ಇಂಥ ದೂರುಗಳನ್ನು ನೋಡುವ ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯಕ್ಕೂ ಹೋಗಬಹುದು. ಅದಕ್ಕೂ ಮೊದಲು 15100ಕ್ಕೆ ಫೋನ್ ಮಾಡಿ, ಅದು ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ. ಪರಿಶಿಷ್ಟ ಜಾತಿ, ಪಂಗಡದವರಿಗೆ, ಮಹಿಳೆಯರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ.

ಟೋಕನ್ ಬೇರೆ ವಿಷಯ. ನೀವೇ ಹಿಂದೆ ಸರಿದಿದ್ದರೆ ಅವರು ಅದನ್ನು ಇಟ್ಟುಕೊಳ್ಳುವ ಮಾತಾಡಬಹುದಿತ್ತು. ಇಲ್ಲಿ ಹಿಂದೆ ಸರಿದವರು ಅವರು.

ಇನ್ನು ಧರ್ಮ, ಮಾಂಸಾಹಾರ, ಬ್ಯಾಚುಲರ್ ಎಂಬ ಕಾರಣಕ್ಕೆ ಖಾಸಗಿ ಓನರ್ ಮನೆ ಕೊಡದಿದ್ದರೆ ಹಿಡಿಯಲು ನೇರ ಸೆಕ್ಷನ್ ಇಲ್ಲ. ಇದು ನನಗೆ ನಾಚಿಕೆಗೇಡು ಅನಿಸುತ್ತದೆ. ಲಿಂಗತ್ವ ಅಲ್ಪಸಂಖ್ಯಾತರಿಗೆ 2019ರ ಕಾಯ್ದೆ, ಎಚ್‌ಐವಿ ಸೋಂಕಿತರಿಗೆ 2017ರ ಕಾಯ್ದೆ ಬಾಡಿಗೆಯನ್ನು ಹೆಸರಿಸಿಯೇ ರಕ್ಷಣೆ ಕೊಟ್ಟಿವೆ. ನೀವು ಕೇಳಿದ ಅಮೆರಿಕದ ಕಾನೂನು 1968ರದು. ಭೇದ ಮಾಡಬಾರದ ಕಾರಣಗಳಾಗಿ ಅದರಲ್ಲಿ ಜನಾಂಗ, ಬಣ್ಣ, ಧರ್ಮ, ಮೂಲದೇಶ ಮೊದಲೇ ಇದ್ದವು, ಲಿಂಗ 1974ರಲ್ಲಿ ಸೇರಿತು. ಅಲ್ಲೂ ಓನರ್ ತಾವೇ ವಾಸವಿರುವ ಸಣ್ಣ ಕಟ್ಟಡಗಳಿಗೆ ಒಂದಿಷ್ಟು ವಿನಾಯಿತಿ ಇದೆ, ಅಂದರೆ ನಮ್ಮ ಮೇಲ್ಮನೆ-ಕೆಳಮನೆ ಥರದ್ದಕ್ಕೆ.

ಓನರ್ ಆಗಿ ನಾನು ಕೇಳುವುದು ಕೆಲಸ ಎಲ್ಲಿ, ಎಷ್ಟು ಜನ, ಗುರುತಿನ ಚೀಟಿ, ಹಿಂದಿನ ಓನರ್ ನಂಬರ್. ಬಾಡಿಗೆ ಸರಿಯಾಗಿ ಬರುತ್ತಾ ಎಂದು ತಿಳಿಯಲು ಇದಕ್ಕಿಂತ ಜಾಸ್ತಿ ಬೇಕಿಲ್ಲ. "ವೆಜ್ಜಾ, ನಾನ್‌ವೆಜ್ಜಾ" ಎಂದು ಕೇಳುವವರಲ್ಲಿ ಅರ್ಧ ಜನಕ್ಕೆ ಬೇಕಾದ ಉತ್ತರ ಅಡುಗೆಯದಲ್ಲ.

ಒಂದು ಎಚ್ಚರಿಕೆ: ಮೆಸೇಜ್ ನೋಡಿದ ಮೇಲೆ ಅವರು ದುಡ್ಡು ಕೊಡ್ತೀವಿ ಎಂದು ಮನೆಗೆ ಕರೆದು, "ಯಾವ ದೂರೂ ಇಲ್ಲ" ಎಂಬ ಚೀಟಿಗೆ ಸಹಿ ಕೇಳಬಹುದು. ಸಹಿ ಹಾಕಬೇಡಿ. ನಿಮ್ಮ ದುಡ್ಡು, ಅಕೌಂಟಿಗೇ ಹಾಕಲಿ.